ಕಾಕಾನ ಕಿವಿಗೆ ಬಿದ್ದ ಗಾಡಿಗಳು

ನಮ್ಮ ಕಾಕಾನ ಜೊತೆ ರಸ್ತೆಗಿಳಿಯುವುದಕ್ಕಿಂತ ಬನಿಯನ್ನಿನಲ್ಲೇ ಕಾಲೇಜಿಗೆ ಹೋಗಿ ಪಾಠ ಮಾಡುವುದು ಮೇಲು. ಬನಿಯನ್ನಿನಲ್ಲಿ ಹೋದರೆ ಒಂದು ದಿನದ ಮಾನ ಹೋಗುತ್ತದೆ. ಕಾಕಾನ ಜೊತೆ ಹೋದರೆ ಎಷ್ಟು ಹೋಯಿತು, ಎಲ್ಲೆಲ್ಲಿ ಹೋಯಿತು ಎಂಬ ಅಂದಾಜೂ ಸಿಗುವುದಿಲ್ಲ!

ಹಾಗಂತ ಅವನು ಕುಡುಕನಲ್ಲ, ಜಗಳಗಂಟನಲ್ಲ. ಮಾನ್ವಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದ ಮರ್ಯಾದಸ್ಥ. ನಮ್ಮ ಮನೆತನದಲ್ಲಿ ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿಕೊಂಡ ಮೊದಲ ಗಂಡಸು. ಅವನ ರೋಗ ಇರುವುದು ಕಿವಿಯಲ್ಲಿ. ಹಳೆಯ ಮೋಟಾರ್ ಸೈಕಲ್ಲುಗಳ ಸ್ವಭಾವ ನಿಮಗೆ ಗೊತ್ತಲ್ಲ? ಎಕ್ಸಿಲರೇಟರ್ ಬಿಟ್ಟ ಕೂಡಲೇ ಒಂದೋ ಕೆಮ್ಮಿ ಬಂದ್ ಆಗುತ್ತವೆ, ಇಲ್ಲವೇ ಮೈಮೇಲೆ ದೇವರು ಬಂದವರಂತೆ ಕೂಗುತ್ತವೆ. ಹಾಗಾಗದೆ ನಿಂತಲ್ಲಿ ಸಣ್ಣಗೆ, ಸಮನಾಗಿ ಚಾಲೂ ಇರುವುದಕ್ಕೆ ನಮ್ಮ ಕಡೆ ‘ಸ್ಲೋ’ ಎನ್ನುತ್ತಾರೆ. ಕಾರ್ಬೋರೇಟರಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ ಸ್ಲೋ ಕೂರುತ್ತದೆ. ಯಾರ ಗಾಡಿಯ ಸ್ಲೋ ಕೆಟ್ಟಿದ್ದರೂ ಕಾಕಾನಿಗೆ ಸಂಕಟ. ಗುರುತಿನವರೇ ಆಗಬೇಕೆಂದಿಲ್ಲ. ಉಳಿದ ಮಾಸ್ತರರು ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಇವನು ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತಾನೆ.

ತನ್ನ ಗಾಡಿಯ ಕಾರ್ಬೋರೇಟರನ್ನಂತೂ ವಾರವಾರವೂ ಬಿಚ್ಚುತ್ತಾನೆ. ಒಳಗಿನ ಹಿತ್ತಾಳೆ ಜೆಟ್ಟನ್ನು ಬಾಯಲ್ಲಿಟ್ಟು, ಅದರ ಸೂಜಿಮೊನೆಯಷ್ಟು ತೂತಿನಲ್ಲಿ ಕಸ ಸಿಕ್ಕಿದೆಯೋ ಎಂದು ಪೀಪಿ ಊದಿದಂತೆ ಊದುತ್ತಾನೆ. ಒಮ್ಮೆ ಅವರ ಮನೆಗೆ ಹೋದಾಗ ಕಾಕಿ ಬೋಗುಣಿ ಹಿಡಿದು ಬಾಗಿಲಿಗೇ ಬಂದಳು.

“ಇದ್ರಾಗ ಉಪ್ಪಿಟ್ಟು ಕೊಟ್ರ ತಿಂತಿಯೇನಪಾ?”

“ಯಾಕ ತಿನ್ನಂಗಿಲ್ಲ ಕಾಕಿ?”

“ನಿಮ್ಮ ಕಾಕಾ ಮುಂಜಾನೆ ಇದ್ರಾಗ ಪೆಟ್ರೋಲ್ ಹಾಕಿ ಅದನ್ನ ತೊಳದಾನ. ತಿಂದ ಮ್ಯಾಲೆ ಬೀಡಿ ಸೇದೋರ ಬಾಜೂ ಕುಂಡ್ರಬ್ಯಾಡ.”

ಇದು ಮನೆಯೊಳಗಿನ ಮಾನ, ಹೋದರೂ ಹೊರಗೆ ಕಾಣುವುದಿಲ್ಲ. ರಾಯಚೂರಿನ ಸಿಗ್ನಲ್ಲಿನಲ್ಲಿ ಹೋದದ್ದು ಕಂಡಿತು. ಕಾಕಾ ನನ್ನ ಹಿಂದೆ ಕೂತಿದ್ದ. ಪಕ್ಕದಲ್ಲಿ ಬಟ್ಟೆ ಗಂಟು ಹೇರಿಕೊಂಡ ಸಾಬರ ಗಾಡಿ ಒಂದೇ ಸಮ ಅರಚುತ್ತಿತ್ತು. ನಾನು ಕೆಂಪು ದೀಪ ನೋಡುತ್ತಿದ್ದೆ. ತಿರುಗಿ ನೋಡಿದರೆ ಕಾಕಾ ಕೆಳಗಿಳಿದು, ಅವರ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತು ಸ್ಕ್ರೂ ತಿರುವುತ್ತಿದ್ದಾನೆ!

“ಅರೇ ಚಾಚಾ, ಕ್ಯಾ ಕರ್ರೇ?” ಎಂದು ಅವರು ಕಾಲು ಮೇಲೆತ್ತಿಕೊಂಡರು.

“ಒಂದೀಟು ತಡೀರಿ ಸಾಹೇಬ್ರ. ಪಾಪ, ಗಾಡಿ ಗಂಟಲು ಹರಕೊಳ್ಳಾಕತ್ತದ.”

ಹಸಿರು ದೀಪ ಬಿತ್ತು. ಹಿಂದಿದ್ದ ಗಾಡಿಗಳೆಲ್ಲ ಹಾರ್ನ್ ಹೊಡೆದವು. ಕಾಕಾ ಏಳಲಿಲ್ಲ. ಆ ಹಿಂದಿದ್ದವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರೆಂಬುದು ಮರುದಿನ ತಿಳಿಯಿತು. ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ಸಣ್ಣಗೆ, ಸಮನಾಗಿ ‘ಡುರ್‍ರ್’ ಎಂಬ ಸದ್ದು. ಸ್ಲೋ ಮಾತ್ರ ಚೆನ್ನಾಗಿ ಕೂತಿತ್ತು.

ಹೀಗಿರುವಾಗ ದೇವದುರ್ಗದಲ್ಲಿ ನನ್ನ ತಂಗಿಯ ಮಾವ ತೀರಿಕೊಂಡರು. ಅವಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಣ್ಣಿಗೆ ಹೋಗಿ ಬಂದಿದ್ದೆವು. ಆಮೇಲೊಂದು ದಿನ ಮನೆಯವರನ್ನು ಮಾತಾಡಿಸಿ ಬರುವುದು ಪದ್ಧತಿ. ಮಾತಾಡಿಸುವುದು ಎಂಬುದು ಹೆಸರಿಗೆ ಮಾತ್ರ, ಅಲ್ಲಿ ಎಲ್ಲರೂ ನೆಲ ನೋಡುತ್ತ ಕೂತು ಎದ್ದು ಬರುತ್ತಾರೆ. ಹೊರಡುವ ಮುಂಚೆ ತಂಗಿ ಫೋನ್ ಮಾಡಿದಳು.

“ಅಣ್ಣಾ, ಕಾಕಾ ಬರ್ಲಿ, ಹಿರಿಯವ. ಆದ್ರ ಆ ಸ್ಕ್ರೂಡ್ರೈವರ್ ಬರಬಾರದು. ಮಾವಾರ ಮಣ್ಣಾದಾಗಿಂದ ನಮ್ಮತ್ತೀದು ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಸುಮ್ನ ಗ್ವಾಡಿ ನೋಡಕೋತ ಕುಂತಾಳ. ನನಗ ಅಂಜಿಕಿ ಆಗಾಕತ್ತದ.”

ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ನಾನೇ ಕಾಕಾನ ಜೇಬಿಗೆ ಕೈ ಹಾಕಿ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಹಲ್ಲಿನ ಸೆಟ್ಟು ಕಳಕೊಂಡವನಂತೆ ಮುಖ ಮಾಡಿದ. ದೇವದುರ್ಗದವರೆಗೂ ನನ್ನ ಜೊತೆ ಮಾತಾಡಲಿಲ್ಲ. ಬೀಗರ ಮನೆಯಲ್ಲೂ ಜಮಖಾನದ ಮೇಲೆ ಕೂತು, ಎಲ್ಲರಂತೆ ನೆಲ ನೋಡಿದ. ಪರವಾಗಿಲ್ಲ, ಮಾನ ಉಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ತಂಗಿಯ ಗಂಡ ಅಂಗಳದಲ್ಲಿದ್ದ ಅಪ್ಪನ ಹಳೆಯ ಗಾಡಿಯನ್ನು ನೆರಳಿಗೆ ಒಯ್ಯಲು ಚಾಲೂ ಮಾಡಿದ. ಅದು ಕೆಮ್ಮಿ ಕೆಮ್ಮಿ ಬಂದ್ ಆಯಿತು. ಕೊನೆಗೆ ದೂಡಿಕೊಂಡು ಹೋದ. ನನ್ನ ಪಕ್ಕದಲ್ಲಿ ಕಾಕಾನ ಕಿವಿ ಎದ್ದು ನಿಂತಿತು.

ಚಹಾ ಬಂತು. ಕಾಕಾ ಮೆಲ್ಲಗೆ ಒಂದು ಚಮಚ ಕೇಳಿದ, ಸಕ್ಕರೆ ತಳದಲ್ಲಿ ನಿಂತಿದೆಯಂತೆ! ಆಮೇಲೆ ಕಿರುಬೆರಳು ತೋರಿಸಿ ಎದ್ದು ಹೋದ. ಚಹಾದ ಕಪ್ಪು ಇಲ್ಲೇ ಇತ್ತು, ಚಮಚ ಇರಲಿಲ್ಲ. ನನಗೆ ಹೊಳೆಯುವಷ್ಟರಲ್ಲಿ ಅಂಗಳದಿಂದ ಕಿಕ್ ಹೊಡೆದ ಸದ್ದು ಬಂತು. ಗಾಡಿ ಒಮ್ಮೆ ಕೂಗಿತು, ಕೆಮ್ಮಿತು, ಆಮೇಲೆ ಸಣ್ಣಗೆ, ಸಮನಾಗಿ ಉಲಿಯತೊಡಗಿತು.

ಕೂತವರೆಲ್ಲ ತಲೆ ಎತ್ತಿದರು. ಬೀಗರ ಹಿರಿಯರೊಬ್ಬರು ಕಿಟಕಿಯಲ್ಲಿ ಬಗ್ಗಿ ನೋಡಿ, “ಯಾರ ಕಡಿಯವರ್ರೀ ಅವರು?” ಎಂದರು.

“ಗೊತ್ತಿಲ್ರಿ” ಎಂದೆ ನಾನು.

ತಂಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಸಾವಿನ ಮನೆಯಲ್ಲಿ ತವರಿನವರು ಗಾಡಿ ಆಡಿಸಿದರು ಎಂಬ ಮಾತನ್ನು ಅವಳು ಈ ಮನೆಯಲ್ಲಿ ಎಷ್ಟು ವರ್ಷ ಕೇಳಬೇಕೋ! ಕಾಕಾನನ್ನು ಎಳೆದು ತರೋಣವೆಂದು ಎದ್ದೆ. ನನಗಿಂತ ಮೊದಲು ಒಳಕೋಣೆಯಿಂದ ಅವಳ ಅತ್ತೆ ಎದ್ದು ಬಂದರು. ಯಾರನ್ನೂ ನೋಡದೆ ನಮ್ಮ ನಡುವೆಯೇ ಹಾದು ಕಟ್ಟೆಯ ಮೇಲೆ ಹೋಗಿ ನಿಂತರು. ನಾನು ಹಿಂದೆಯೇ ಓಡಿದೆ, ಕೈ ಮುಗಿಯಲು ಸಿದ್ಧನಾಗಿ.

“ಇದು ಅವರ ಗಾಡಿ ಸಪ್ಪಳ ಅಲ್ಲ” ಎಂದರು.

ಕಾಕಾ ಗಡಬಡಿಸಿ ಎದ್ದು ನಿಂತ. “ಸ್ಲೋ ಕೆಟ್ಟಿತ್ರೀ ಅಕ್ಕಾರ. ಕುಂಡ್ರಿಸೀನಿ. ಇನ್ನ ಬಂದ್ ಆಗಂಗಿಲ್ಲ.”

“ಬಂದ್ ಆಗ್ತಿತ್ತು. ದಿನಾ ಬಾಗಲಿಗೆ ಬಂದ ಕೂಡ್ಲೆ ಕೆಮ್ಮಿ ಬಂದ್ ಆಗ್ತಿತ್ತು. ಅವರು ಅದಕ್ಕ ಬೈಕೋತ ಇಳೀತಿದ್ರು.”

ಕಾಕಾ ಚಮಚ ಹಿಡಿದು ಮತ್ತೆ ಕೂತ. ಜೀವಮಾನವೆಲ್ಲ ಕಂಡವರ ಗಾಡಿ ಸರಿ ಮಾಡಿದ ಮನುಷ್ಯ, ಸರಿಯಿದ್ದುದನ್ನು ಕೆಡಿಸಲು ಶುರು ಮಾಡಿದ. ಸ್ಕ್ರೂ ಸ್ವಲ್ಪ ಸಡಿಲಿಸಿದ, ಎಕ್ಸಿಲರೇಟರ್ ಕೊಟ್ಟು ಬಿಟ್ಟ. ಗಾಡಿ ಥಟ್ಟನೆ ನಿಂತಿತು.

“ಹಿಂಗೇನ್ರಿ?”

“ಇಷ್ಟು ಲಗೂ ಅಲ್ಲ. ಕೆಮ್ಮತಿತ್ತು.”

ಕೂದಲೆಳೆಯಷ್ಟು ತಿರುಗಿಸಿದ. ಮತ್ತೆ ಕಿಕ್ ಹೊಡೆದ.

“ಇನ್ನೊಂದೀಟು.”

ಕಾಕಾನ ಹಣೆಯಿಂದ ಬೆವರು ಇಳಿಯುತ್ತಿತ್ತು. ಒಳಗಿದ್ದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಬೇಡ ಎನ್ನಲಿಲ್ಲ. ಅವನು ಕಣ್ಣು ಮುಚ್ಚಿ, ಕಿವಿಯನ್ನು ಗಾಡಿಗೆ ಹತ್ತಿರ ತಂದು, ಮತ್ತೊಮ್ಮೆ ತಿರುಗಿಸಿ ಎಕ್ಸಿಲರೇಟರ್ ಬಿಟ್ಟ. ಗಾಡಿ ಕೆಮ್ಮಿತು, ತಡೆದು ಮತ್ತೆ ಕೆಮ್ಮಿತು. ನಿಧಾನಕ್ಕೆ ಬಂದ್ ಆಯಿತು.

ಆ ತಾಯಿ ಬಾಗಿಲಲ್ಲಿದ್ದ ನನ್ನ ತಂಗಿಯ ಕಡೆ ತಿರುಗಿ, “ಬಂದ್ರು ನೋಡವ್ವಾ, ರೊಟ್ಟಿಗೆ ಹಂಚಿಡು” ಎಂದರು. ಆಮೇಲೆ ಅವಳ ಹೆಗಲ ಮೇಲೆ ಮುಖವಿಟ್ಟು ಗಟ್ಟಿಯಾಗಿ ಅತ್ತರು.