ಮಾವನ ಪಾಸ್‌ವರ್ಡೂ ಅತ್ತೆಯ ಕಣ್ಣೂ

ನಮ್ಮ ಸೋದರಮಾವ ಕನ್ನಡಿಯಲ್ಲಿ ಕಂಡವರನ್ನೂ ಪೂರ್ತಿ ನಂಬಿದವರಲ್ಲ!

ಎರಡು ಸಾವಿರದ ಆಸುಪಾಸಿನಲ್ಲಿ ಜಯನಗರದ ಅವರ ಸಣ್ಣ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಉಸ್ತುವಾರಿ ಮಾವನದು. "ಹೊರಗಿನ ಕಳ್ಳನಿಗೆ ವಾಚ್‌ಮನ್ ಇದಾನೆ ಕಣೋ. ಒಳಗಿರೋರನ್ನ ಕಾಯೋರ್ಯಾರು?" ಎಂದು ನನ್ನನ್ನೇ ಗುರಾಯಿಸುತ್ತಿದ್ದರು. ನಾನು ಆ ಕಚೇರಿಯ ಮೆಟ್ಟಿಲು ಹತ್ತಿದವನೂ ಅಲ್ಲ! ದೇವರು ಎಲ್ಲರೊಳಗೂ ಇದ್ದಾನೆ ಎನ್ನುತ್ತಾರಲ್ಲ, ಆ ಕಾರಣಕ್ಕೇ ಅವನ ಮೇಲೂ ಮಾವನಿಗೆ ಅನುಮಾನ ಇದ್ದಿರಬೇಕು. ಕೀಬೋರ್ಡಿಗೆ ಟವೆಲ್ ಹೊದಿಸಿ, ಒಳಗೆ ಕೈ ತೂರಿಸಿ ಪಾಸ್‌ವರ್ಡ್ ಒತ್ತುತ್ತಿದ್ದರಂತೆ. ಅಕ್ಷರ ಕಾಣದೆ ದಿನಾ ತಪ್ಪುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಾಸಿವೆ ಅಂದುಕೊಂಡು ಒಗ್ಗರಣೆಗೆ ರಾಗಿ ಹಾಕುತ್ತಿದ್ದರು, ಪಾಪ. ಆಪರೇಷನ್ ಮಾಡಿಸಲು ಮಾವ ರಜೆ ಹಾಕಬೇಕು. ರಜೆ ಹಾಕಿದರೆ ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಬೇಕು! "ಮುಂದಿನ ತಿಂಗಳು ನೋಡೋಣ" ಎಂದು ಮುಂದೂಡುತ್ತಲೇ ಬಂದರು. ನನಗಂತೂ ಸಿಟ್ಟು ನೆತ್ತಿಗೇರುತ್ತಿತ್ತು.

ಅಷ್ಟರಲ್ಲಿ ಕಚೇರಿಯಲ್ಲಿ ಆಯುಧಪೂಜೆ. ಪೂಜೆಯ ಹೊತ್ತಿಗೆ ಯಂತ್ರ ಚಾಲೂ ಇರಬೇಕೆಂದು ಮಾವನೇ ಕಂಪ್ಯೂಟರ್ ತೆರೆದಿಟ್ಟರು. ಕೀಬೋರ್ಡಿನ ಮೇಲೆ ಸೇವಂತಿಗೆ, ಕುಂಕುಮ. ಮಂಗಳಾರತಿಯಾದ ಮೇಲೆ ನೆನಪಾಯಿತು, ಲಾಕ್ ಮಾಡಿಲ್ಲ! ಆದರೆ ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವುದುಂಟೇ? ಕೈಮುಗಿದು, ಬೂದುಗುಂಬಳ ಒಡೆಯಲು ಗೇಟಿಗೆ ಹೋದರು. ವಾಪಸ್ ಬಂದರೆ ಪರದೆಯ ಮೇಲೆ ಅವರದೇ ಹೆಸರಿಗೆ ಒಂದು ವಾರದ ರಜೆ ಮಂಜೂರಾಗಿದೆ!

"ಯಾರ್ರೀ ಒಳಗೆ ಕೈ ಹಾಕಿದ್ದು?"

"ಟೈಪ್ ಮಾಡಿದ್ದು ನಾನೇ ಸಾರ್" ಎಂದರು ಪಕ್ಕದ ಮೇಜಿನ ಮೇಡಂ.

"ಎಂಟರ್ ಒತ್ತಿದ್ದು ನಾನು" ಎಂದರು ಮ್ಯಾನೇಜರು, ಬಾಯಿತುಂಬ ಕಡಲೆಪುರಿ ಇಟ್ಟುಕೊಂಡು. "ಮೊದ್ಲು ಮನೆಯವ್ರ ಕಣ್ಣು ತೋರಿಸ್ಕೊಂಡ್ ಬನ್ರೀ."

ಆಪರೇಷನ್ ದಿನ ಬನಶಂಕರಿಯ ಆಸ್ಪತ್ರೆಯಲ್ಲಿ ಮಾವನ ಜೊತೆ ನಾನೂ ಇದ್ದೆ. ಅತ್ತೆಯನ್ನು ಒಳಗೆ ಕರೆದೊಯ್ದ ಸ್ವಲ್ಪ ಹೊತ್ತಿಗೆ ಮಾವನ ಮೊಬೈಲಿಗೆ ಮ್ಯಾನೇಜರ ಕರೆ ಬಂತು. ಪಾಸ್‌ವರ್ಡ್ ಯಾರಿಗೂ ಹೇಳದೆಯೇ ಮಾವ ರಜೆಗೆ ಬಂದಿದ್ದರು; ಕಂಪ್ಯೂಟರ್ ತೆರೆಯುತ್ತಿಲ್ಲ, ಒಂದು ಗಳಿಗೆ ಬಂದು ಹೋಗಿ ಎಂದರಂತೆ. ಮಾವ ಎದ್ದು ನಿಂತರು. ಹೊರಟೇಬಿಟ್ಟರು ಅಂದುಕೊಂಡೆ. ಆದರೆ ಅವರು ಆ ಮುಚ್ಚಿದ ಬಾಗಿಲನ್ನೇ ನೋಡಿದರು. ಆಮೇಲೆ ನರ್ಸು, ಆಯಾ, ಬೆಂಚಿನ ಮೇಲೆ ಕೂತಿದ್ದ ಅಷ್ಟೂ ಜನರ ಎದುರು ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಪಾಸ್‌ವರ್ಡ್ ಹೇಳಿದರು!

"ನಾನು ಬರೋಕಾಗಲ್ಲ ಸಾರ್" ಎಂದರು, ಬಾಗಿಲಿನಿಂದ ಕಣ್ಣು ತೆಗೆಯದೆ. "ಹೊರಗೆ ಬಂದ ತಕ್ಷಣ ಮೊದಲು ನಾನೇ ಕಾಣ್ಬೇಕಂತೆ ಅವಳಿಗೆ."