ಮುಲಾಮಿನ ಅಭ್ಯಂಜನ

ನನ್ನ ಸೊಂಟದ ಎಡಮಗ್ಗುಲಲ್ಲಿ ಎಂಟಾಣೆಯಷ್ಟು ಅಗಲದ ಒಂದು ಹುಳುಕಡ್ಡಿ ಎದ್ದಿತ್ತು. ಆಗ ನಾನು ಬೀರೂರು ಸ್ಟೇಷನ್ನಿನಲ್ಲಿ ಗುಮಾಸ್ತ. ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಕೆಲಸಕ್ಕೆ ಹೆಸರು ಹೋಗಿತ್ತು. ದೇಹ ಪರೀಕ್ಷೆ, ಕಣ್ಣಿನ ಪರೀಕ್ಷೆ ಬಾಕಿ. ಕಣ್ಣಿನ ಬಗ್ಗೆ ನನಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ. ಬಟ್ಟೆ ಬಿಚ್ಚಿಸಿದಾಗ ಹುಳುಕಡ್ಡಿ ಕಂಡೀತಲ್ಲ ಎಂಬುದೇ ಚಿಂತೆ!

ಕಡೂರಿನ ಡಾಕ್ಟರು ಅರಿಶಿನ ಬಣ್ಣದ ಮುಲಾಮನ್ನು ಡಬ್ಬಿ ತುಂಬ ಕೊಟ್ಟರು. "ತೊಗರಿಬೇಳೆಯಷ್ಟು ತಗೊಂಡು ಹುಳುಕಡ್ಡಿ ಮೇಲಷ್ಟೇ ಹಚ್ಚಿ. ಕಣ್ಣಿಗೆ ತಾಗಿಸಬೇಡಿ. ಕೈ ತೊಳ್ಕೊಳ್ಳಿ" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಶನಿವಾರ ನಮ್ಮ ಮನೆಯಲ್ಲಿ ಎಣ್ಣೆನೀರಿನ ದಿನ. ಎಣ್ಣೆಯ ಬದಲು ಮುಲಾಮನ್ನೇ ಹಚ್ಚಿದರೆ?

"ಡಾಕ್ಟ್ರು ಹಂಗೇಳಿದ್ರೇನ್ರೀ?" ಎಂದಳು ಹೆಂಡತಿ ಗಿರಿಜೆ.

"ಇವತ್ತು ಸೊಂಟದಲ್ಲೈತೆ, ನಾಳೆ ಬೆನ್ನಿಗೆ ಬಂದ್ರೆ? ಮೊದ್ಲೇ ಬೇಲಿ ಹಾಕ್ಬೇಕು ಕಣೇ. ಬೆನ್ನಿಗೆ ನೀ ಹಚ್ಚು."

"ನಾ ಮುಟ್ಟಲ್ಲ ಕಣ್ರೀ!"

ಕತ್ತು, ತೋಳು, ಎದೆ, ಎಟುಕಿದಷ್ಟು ಬೆನ್ನು, ಎಲ್ಲ ಕಡೆಗೂ ಹರಳೆಣ್ಣೆ ತಿಕ್ಕುವಂತೆ ತಿಕ್ಕಿದೆ. ಸೊಂಟದ ಹತ್ತಿರ ಕೈ ತಡೆಯಿತು. ಮಾವ ಮಾಡಿಸಿಕೊಟ್ಟ ಬೆಳ್ಳಿ ಉಡಿದಾರ ಕಪ್ಪಾದೀತು! ಅದನ್ನು ಬಿಚ್ಚಿ ಕೊನೆಗೆ ಹಚ್ಚೋಣವೆಂದು ಬಿಟ್ಟೆ. ಹಿತ್ತಲ ಬಿಸಿಲಲ್ಲಿ ಚೆನ್ನಾಗಿ ನೆನೆದು, ಬಿಸಿನೀರು ಹುಯ್ದುಕೊಂಡು ಸೋಪು ಉಜ್ಜಿದೆ. ಮುಲಾಮಿಗೆ ಸೋಪು ತಾಗಿ ನೊರೆ ನೇರಳೆ ಬಣ್ಣಕ್ಕೆ ತಿರುಗಿತು! ನಂಬಲಾಗದೆ ಎರಡೂ ಕೈಯಿಂದ ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ.

ಮರುದಿನ ಎಚ್ಚರವಾದಾಗ ಮೈಯೆಲ್ಲ ಕೆಂಡ. ರೆಪ್ಪೆ ಬಿಚ್ಚಲಾಗಲಿಲ್ಲ.

"ಬೆಳಕಾಯ್ತೇನೇ?"

"ಬಿಸಿಲು ನಿಮ್ ಮುಖದ್ ಮೇಲೇ ಐತಲ್ರೀ" ಎಂದ ಗಿರಿಜೆ ಪಕ್ಕದ ಮನೆಗೆ ಓಡಿದಳು. ಅವಳು ಓಡಿದ ಸದ್ದು ಕೇಳಿಯೇ ನನಗೆ ನಿಜವಾದ ಭಯವಾಯಿತು.

ಪಕ್ಕದ ಮನೆಯ ರಸೂಲ್ ಸಾಬರು ಜಟಕಾ ತಂದರು. "ಏನ್ ಸ್ವಾಮಿ, ಮೊಹರಂಗೆ ಇನ್ನೂ ದಿನ ಐತಲ್ಲ, ಈಗ್ಲೇ ಹುಲಿ ಬಣ್ಣ ಬಳ್ಕೊಂಡ್ರಾ?" ಎಂದವರು, ಹತ್ತಿರ ಬಂದು ದನಿ ತಗ್ಗಿಸಿದರು. "ಹತ್ತಿ, ಹತ್ತಿ. ತಡ ಮಾಡೋದು ಬ್ಯಾಡ."

ಕಡೂರಿನ ದಾರಿಯಲ್ಲಿ ರೈಲು ಕೂಗಿತು. ರೈಲ್ವೆಯವನಾದ ನಾನು, ರೈಲಿಗೆ ದಾರಿ ಬಿಡುವ ಸಿಗ್ನಲ್ಲಿನ ಕೈ ಕೆಳಗೆ ಬಿದ್ದಿದೆಯೇ ಎಂದು ಹೆಂಡತಿಯನ್ನು ಕೇಳಿದೆ.

"ಬಿದ್ದೈತೆ" ಎಂದು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಸಿಗ್ನಲ್ಲು ಬಿದ್ದರೆ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರು ರೆಪ್ಪೆ ಬಿಡಿಸಿ ತೊಳೆದರು, ಔಷಧಿ ಹಾಕಿದರು, ಪಟ್ಟಿ ಕಟ್ಟಿದರು. ಕಣ್ಣು ಉಳಿಯುತ್ತದೆಯೇ ಎಂದು ಗಿರಿಜೆ ಕೇಳಿದ್ದಕ್ಕೆ "ನೋಡೋಣ" ಎಂದಷ್ಟೇ ಹೇಳಿದರು. ನೋಡೋಣ!

ಕೊನೆಗೊಂದು ದಿನ ಪಟ್ಟಿ ಬಿಚ್ಚಿದರು. ಮೊದಲು ಮಂಜು, ಆಮೇಲೆ ಗಿರಿಜೆಯ ಮುಖ. ಅವಳ ಕಣ್ಣು ನನ್ನದಕ್ಕಿಂತ ಕೆಂಪಾಗಿತ್ತು. ಮೈಯಂತೂ ಹಾವಿನ ಪೊರೆಯಂತೆ ಸುಲಿದುಹೋಗಿತ್ತು.

"ಎಲ್ಲಿ, ಆ ಹುಳುಕಡ್ಡಿ ನೋಡೋಣ" ಎಂದರು ಡಾಕ್ಟರು.

ಉಡಿದಾರ ಸರಿಸಿದೆ. ಅಲ್ಲಿಗೆ ಮುಲಾಮು ಹಚ್ಚುವುದನ್ನೇ ಮರೆತಿದ್ದೆ!

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮಗೆ ಏನು ಕಾಣುತ್ತೆ, ಹೇಳಿ."

"ಎಂಟಾಣೆಯಷ್ಟಿದ್ದದ್ದು ರೂಪಾಯಿಯಷ್ಟಾಗಿದೆ, ಸಾರ್."

"ಸರಿಯಾಗಿ ಹೇಳಿದ್ರಿ. ನಿಮ್ಮ ಕಣ್ಣಿಗೇನೂ ಆಗಿಲ್ಲ" ಎಂದರು ಅವರು, ಹೊಸ ಡಬ್ಬಿಯನ್ನು ಗಿರಿಜೆಯ ಕೈಗೆ ಕೊಡುತ್ತ.