ನಂಬಿಗಸ್ತ ಬಂದೂಕಿನ ಅನ್ವೇಷಣೆ

ನನ್ನ ಗಂಡ ಓರಿನ್‌ನ ಹೃದಯದಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಾಯಿಯೂ ಅಷ್ಟೇ. ಮೊದಲನೆಯದಕ್ಕೆ ದೂರದ ಆಂಕರೇಜ್ ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಇದೆ ಎಂದು ವೈದ್ಯರು ಬರೆದಿದ್ದರು. ಎರಡನೆಯದಕ್ಕಾಗಿ ಮೂವತ್ತೊಂದು ವರ್ಷಗಳಿಂದ ನಾನು ದೇವರಿಗೇ ಅರ್ಜಿ ಹಾಕುತ್ತ ಬಂದಿದ್ದೆ. ಉತ್ತರ ಬಂದಿರಲಿಲ್ಲ.

ವೈದ್ಯರ ಮೊದಲ ಪತ್ರ ಬಂದದ್ದು ಹಿಂದಿನ ಚಳಿಗಾಲದಲ್ಲಿ. ಅದೇ ವಾರ ಓರಿನ್ ಬಂದೂಕು ಹುಡುಕಲು ಶುರುಮಾಡಿದ.

“ಮೂರು ವಾರ ನಾನು ಆಸ್ಪತ್ರೇಲಿ ಬಿದ್ಕೊಂಡಿರ್ತೀನಿ. ನೀನಿಲ್ಲಿ ಒಬ್ಬಳೇ. ಕುದುರೆ ಗಾತ್ರದ ಹಸಿದ ಮೂಸ್ ಕಡವೆ ಅಂಗಳಕ್ಕೆ ನುಗ್ಗುತ್ತೆ. ತೋಳ ಬರುತ್ತೆ. ನಿದ್ದೆ ಕೆಟ್ಟ ಕರಡಿ ಬಂದು ಬಾಗಿಲು ತಟ್ಟುತ್ತೆ. ಕೈಗೊಂದು ನಂಬಿಕೆಯ ಬಂದೂಕು ಕೊಡದೆ ನಾನು ಹೆಂಗೆ ಹೋಗ್ಲಿ, ಅರ್ಡಿಸ್?”

ಹೊರಬಾಗಿಲ ಪಕ್ಕದ ಚಳಿಕೋಣೆಯಲ್ಲಿ ಈ ಮಾತು ಆಡುವಾಗ ಅವನ ಬೆನ್ನ ಹಿಂದೆ ನಾಲ್ಕು ಬಂದೂಕುಗಳು ಗೋಡೆಗೆ ಒರಗಿ ನಿಂತಿದ್ದವು. ನಾಲ್ಕಕ್ಕೂ ಕಿವಿ ಇದ್ದಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದವೋ!

“ಇವೆಲ್ಲ ಏನು, ಪೊರಕೆಗಳಾ?” ಎಂದೆ.

“ಇವು ಬೇಟೆಗೆ. ನಾನು ಹೇಳ್ತಿರೋದು ಆಪತ್ತಿಗೆ. ಬೇಟೇಲಿ ಗುಂಡು ಹಾರದಿದ್ರೆ ಊಟ ಇಲ್ಲ. ಆಪತ್ತಲ್ಲಿ ಹಾರದಿದ್ರೆ ನಾವೇ ಊಟ.”

ಅಲ್ಲಿಂದ ಆರಂಭವಾದ ಮಹಾಮಥನ ಎರಡು ಚಳಿಗಾಲ ನಡೆಯಿತು. ಓರಿನ್ ಬೆಳಗಿನ ಕಾಫಿಗೆ ಸಣ್ಣ ಬಂದೂಕಿನ ಪಕ್ಷ: ಹಗುರ, ಸದ್ದು ಕಡಿಮೆ, ಮೊಲಕ್ಕೂ ಕಾಡುಕೋಳಿಗೂ ಸಾಕು, ಸಾವಿರ ತೋಟೆ ಒಂದು ಬ್ರೆಡ್ ಡಬ್ಬಿಯಲ್ಲಿ ಹಿಡಿಸುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಣ್ಣದು ಬಿದ್ದುಹೋಗುತ್ತಿತ್ತು: ಕರಡಿಗೆ ಅದರಿಂದ ಹೊಡೆದರೆ ಕರಡಿ ತುರಿಸಿಕೊಂಡು ಕೋಪ ಮಾಡಿಕೊಳ್ಳುತ್ತದೆ, ಅಷ್ಟೇ. ಸಂಜೆಗೆ ದೊಡ್ಡದರ ಪಟ್ಟಾಭಿಷೇಕ: ಒಂದೇ ಏಟು, ಮೂಸ್ ಮಲಗಿತು! ರಾತ್ರಿ ಊಟ ಮುಗಿಯುವುದರೊಳಗೆ ಅದೂ ಪದಚ್ಯುತ. ಯಾಕೆಂದರೆ ಅದರ ಒದೆತಕ್ಕೆ ಮೂಸ್ ಜೊತೆ ನಾನೂ ಮಲಗುತ್ತೇನೆ. ಮಡಚಿ ಚೀಲದಲ್ಲಿಡುವಂಥದು ಚೆನ್ನ, ಆದರೆ ಬಿಚ್ಚಿ ಜೋಡಿಸುವಷ್ಟು ಹೊತ್ತು ಕರಡಿ ಕಾಯುವುದಿಲ್ಲ. ಹಿಡಿಯ ಕೆಳಗಿನ ಬಳೆಯಂಥ ಸನ್ನೆಗೋಲು ಎಳೆದು ತೋಟೆ ತುಂಬಿಸುವ ಹಳೆಯ ಮಾದರಿ ಗಟ್ಟಿ, ಆದರೆ ದಪ್ಪ ಕೈಗವಸು ಹಾಕಿದ ಬೆರಳು ಅದರೊಳಗೆ ಹೋಗುವುದಿಲ್ಲ.

ನಾನು ಕೇಳುತ್ತಿದ್ದೆ. ನನಗೆ ಬರುವ ವಿದ್ಯೆ ಅದೊಂದೇ. ಹಳ್ಳಿಯ ಪ್ರಾರ್ಥನಾಮಂದಿರಕ್ಕೆ ಎರಡು ತಿಂಗಳಿಗೊಮ್ಮೆ ಬರುವ ಪಾದ್ರಿಗಳೇ ಹೇಳಿದ್ದಾರೆ, “ಅರ್ಡಿಸ್ ಹಾಗೆ ಕೇಳಿಸಿಕೊಳ್ಳೋರು ಈ ನದಿ ಉದ್ದಕ್ಕೂ ಇಲ್ಲ” ಅಂತ. (ಆ ಮಾತಿನಿಂದ ನನಗೆ ಸ್ವಲ್ಪ ಗರ್ವ ಬಂದದ್ದು ನಿಜ. ಗರ್ವ ಪಾಪ. ಅದಕ್ಕೆ ಶಿಕ್ಷೆಯೂ ಆಯಿತು, ಮುಂದೆ ಹೇಳುತ್ತೇನೆ.)

ಒಮ್ಮೆ ನದಿಯ ಕೆಳಹರಿವಿನ ಕಡೆ ವಾಸಿಸುವ ಲುಸೀಲ್ ಒಣಮೀನು ತಂದಿದ್ದಳು. ಅವಳ ಪೂರ್ವಿಕರು ಈ ನದಿಯಷ್ಟೇ ಹಳಬರು. ಐದು ಮಕ್ಕಳನ್ನು ಒಂದೇ ಬಂದೂಕಿನಲ್ಲಿ ಸಾಕಿದವಳು. ಅದರ ಮರದ ಹಿಡಿ ಸೀಳಿ, ಮೂಸ್ ಚರ್ಮದ ದಾರದಲ್ಲಿ ಬಿಗಿದು ಕಟ್ಟಿದೆ. ಓರಿನ್ ಅವಳನ್ನು ಕೂರಿಸಿಕೊಂಡು ಒಂದು ಗಂಟೆ ಎರಡೂ ಕಡೆಯ ವಾದ ಮಂಡಿಸಿ, ಕೊನೆಗೆ ಕೇಳಿದ:

“ಈಗ ಹೇಳು ಲುಸೀಲ್. ಆಪತ್ತಿಗೆ ಯಾವ ಬಂದೂಕು ಒಳ್ಳೇದು?”

ಅವಳು ಚಹಾ ಮುಗಿಸಿ ಲೋಟ ಕೆಳಗಿಟ್ಟಳು. “ಹತ್ರ ಇರೋದು,” ಎಂದಳು. ಎದ್ದು ಹೋದಳು.

ಓರಿನ್‌ಗೆ ಆ ಉತ್ತರ ಹಿಡಿಸಲಿಲ್ಲ. ಅದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ.

ಈ ನಡುವೆ ಶಸ್ತ್ರಚಿಕಿತ್ಸೆಯ ದಿನ ಎರಡು ಸಲ ಬಂದು ಎರಡು ಸಲ ಹೋಯಿತು. ಎರಡು ಸಲವೂ “ಬಂದೂಕು ಸಿಕ್ಕಿಲ್ಲ” ಎಂದು ಪತ್ರ ಬರೆಸಿದ. (ನಾನು “ಹವಾಮಾನ ಸರಿಯಿಲ್ಲ” ಎಂದು ಬರೆದೆ.) ಈಗ ಅವನು ಸೌದೆಯನ್ನು ಒಂದು ತೋಳು ತುಂಬ ತಂದರೆ ಮೂರು ಸಲ ನಿಲ್ಲುತ್ತಿದ್ದ. ನಿಂತದ್ದು ಆಯಾಸಕ್ಕಲ್ಲ, ಹಕ್ಕಿ ನೋಡುವುದಕ್ಕೆ ಎನ್ನುತ್ತಿದ್ದ. ಜನವರಿಯಲ್ಲಿ ಇಲ್ಲಿ ಯಾವ ಹಕ್ಕಿ?

ಮೂರನೆಯ ಪತ್ರ ಬಂತು. ಶಸ್ತ್ರಚಿಕಿತ್ಸೆ ಫೆಬ್ರುವರಿಯ ಎರಡನೆಯ ಮಂಗಳವಾರ. ಕೆಳಗೆ ವೈದ್ಯರು ತಮ್ಮ ಕೈಯಲ್ಲೇ ಬರೆದಿದ್ದರು: ಇದೂ ತಪ್ಪಿದರೆ ಇವರು ಇನ್ನೊಂದು ಚಳಿಗಾಲ ನೋಡುತ್ತಾರೆಂದು ನಾನು ಹೇಳಲಾರೆ.

ಆ ಸಾಲನ್ನು ನಾನು ಗಟ್ಟಿಯಾಗಿ ಓದಿದೆ. ಓರಿನ್ ಒಲೆಯ ಕಡೆ ನೋಡುತ್ತ, “ಸನ್ನೆಯದೇ ತಗೊಳ್ಳೋಣ ಅಂದ್ರೆ, ಆ ಕೈಗವಸಿನದೇ ಯೋಚನೆ,” ಎಂದ.

ಇವನಿಗೆ ಶಸ್ತ್ರಚಿಕಿತ್ಸೆಯ ಕತ್ತಿಯ ಭಯ, ಬಂದೂಕು ಬರೀ ನೆಪ ಎಂದು ನಾನು ತೀರ್ಮಾನಿಸಿದೆ. ಅಂಥವರ ಜೊತೆ ವಾದಿಸಬಾರದು, ನೆಪವನ್ನೇ ಕಿತ್ತುಕೊಳ್ಳಬೇಕು. ಆಗಲೇ ನನಗೆ ಆ ದಿವ್ಯವಾದ ಉಪಾಯ ಹೊಳೆದದ್ದು.

“ಓರಿನ್, ಬಂದೂಕು ನಾನೇ ಆರಿಸ್ತೀನಿ. ಇಲ್ಲಿರೋ ನಾಲ್ಕರಲ್ಲೇ. ಹಿಡಿಯೋಳು ನಾನು ತಾನೇ?”

“ಆಮೇಲೆ?”

“ನೀನೇ ಪರೀಕ್ಷೆ ಮಾಡು. ಗೆದ್ದರೆ ಆ ಮಂಗಳವಾರಕ್ಕೆ ಮುಂಚಿನ ಗುರುವಾರದ ಅಂಚೆ ವಿಮಾನ ಹತ್ತಬೇಕು.”

ಅವನು ಗಡ್ಡ ಕೆರೆದುಕೊಂಡ. “ಮೆಟ್ಟಿಲ ಮೇಲೆ ನಿಂತು, ಆ ಮರದ ಬೊಡ್ಡೆ ಮೇಲಿನ ಕಾಫಿ ಡಬ್ಬಿಗೆ ಮೂರು ಗುಂಡು. ಮೂರೂ ತಾಗಬೇಕು. ಬುಧವಾರ ಬೆಳಿಗ್ಗೆ, ಎಷ್ಟೇ ಚಳಿ ಇರಲಿ.”

“ತಾಗಿದ್ರೆ?”

“ಹೋಗ್ತೀನಿ. ದೇವರಾಣೆ.”

ಆಣೆ ಹಾಕಬಾರದು ಎಂದು ಅವನಿಗೆ ಎಷ್ಟೋ ಸಲ ಹೇಳಿದ್ದೇನೆ. ಈ ಸಲ ಹೇಳಲಿಲ್ಲ.

ನಾನು ಸನ್ನೆಯ ಹಳೆಯ ಬಂದೂಕು ಆರಿಸಿದೆ. ನನ್ನ ಗುರಿ ಕೆಟ್ಟದ್ದೇನಲ್ಲ. ಎಳೆಯ ವಯಸ್ಸಿನಲ್ಲಿ ಬಾತುಕೋಳಿ ಹೊಡೆದವಳು. ಭಾನುವಾರ ಎರಡು ಸಲ ಹೊಡೆದು ನೋಡಿದೆ. ಡಬ್ಬಿ ಎರಡು ಸಲವೂ ಹಾರಿತು. ಸುಮ್ಮನೆ ಇದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಗಂಡನ ಜೀವ ಮೂರು ತೋಟೆಗಳ ಮೇಲೆ ನಿಂತಿರುವಾಗ ಯಾವ ಹೆಂಡತಿ ಸುಮ್ಮನಿರುತ್ತಾಳೆ?

ನಮ್ಮ ಮನೆಗಳಿಗೆಲ್ಲ ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಒಂದು ಚಳಿಕೋಣೆ ಇರುತ್ತದೆ. ಚಳಿಗಾಲ ಪೂರ್ತಿ ಬಂದೂಕುಗಳ ವಾಸ ಅಲ್ಲೇ. ತಣ್ಣಗಿನ ಕಬ್ಬಿಣವನ್ನು ಬೆಚ್ಚಗಿನ ಮನೆಗೆ ತಂದರೆ ಅದು ಬೆವರುತ್ತದೆ. ಬೆವರಿದ್ದನ್ನು ಮತ್ತೆ ಹೊರಗಿಟ್ಟರೆ ಆ ಬೆವರು ಒಳಗೊಳಗೇ ಮಂಜುಗಡ್ಡೆಯಾಗಿ ಬಂದೂಕು ಮೂಕವಾಗುತ್ತದೆ. ಎಣ್ಣೆ ಹೆಚ್ಚಾದರೂ ಅಷ್ಟೇ, ಚಳಿಗೆ ಅಂಟಾಗಿ ಹಿಡಿದುಕೊಳ್ಳುತ್ತದೆ. ಇದು ಇಲ್ಲಿನ ಎಳೆಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಮೂವತ್ತೊಂದು ವರ್ಷಗಳಿಂದ ಬಂದ ನೆಂಟರಿಗೆಲ್ಲ ನಾನೇ ಹೇಳಿಕೊಟ್ಟಿದ್ದೇನೆ.

ಪರೀಕ್ಷೆಯ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಓರಿನ್ ನಾಯಿಗಳಿಗೆ ಮೀನು ಹಾಕಲು ಹೋದ. ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಚಳಿಕೋಣೆಯಲ್ಲಿ ಆ ಬಂದೂಕು ಮೈಮೇಲೆ ಹಿಮದ ಹುಡಿ ಮೆತ್ತಿಕೊಂಡು ನಿಂತಿತ್ತು. ಅದನ್ನು ನೋಡಿ ನನಗೆ ಏನಾಯಿತೋ! ನನ್ನ ಗಂಡನನ್ನು ಉಳಿಸಬೇಕಾದ ಬಂದೂಕು ಇದು, ಇದಕ್ಕೆ ಸ್ವಲ್ಪ ಉಪಚಾರ ಬೇಡವೆ? ಕೂಸನ್ನು ಎತ್ತಿದ ಹಾಗೆ ಎತ್ತಿ ಒಳಗೆ ತಂದೆ. ಒಲೆಯ ಪಕ್ಕ, ಬ್ರೆಡ್ ಹಿಟ್ಟು ಉಬ್ಬಲು ಇಡುವ ಹಲಗೆಯ ಮೇಲೆ ಮಲಗಿಸಿದೆ. ಹಳೆಯ ರಾತ್ರಿಯಂಗಿಯ ಬಟ್ಟೆಯಲ್ಲಿ ಒರೆಸಿದೆ, ಎಣ್ಣೆ ಸವರಿದೆ, ಇನ್ನೊಂದು ಸಲ ಸವರಿದೆ. ಕೀರ್ತನೆಗಳ ಪುಸ್ತಕದಿಂದ ಒಂದನ್ನು ಅದರ ಕಿವಿಗೆ ಬೀಳುವಂತೆ ಓದಿದೆ. ಅಂಗಳದಲ್ಲಿ ಹೆಜ್ಜೆ ಸದ್ದಾದಾಗ ಮತ್ತೆ ಓಡಿಹೋಗಿ ಇದ್ದಲ್ಲೇ ನಿಲ್ಲಿಸಿ ಬಂದೆ.

ಇಂಥ ತಪ್ಪು ಹೊಸಬರಿಂದ ಆಗುವುದಿಲ್ಲ. ಅವರಿಗೆ ಹೆದರಿಕೆ ಇರುತ್ತದೆ.

ಬುಧವಾರ ಬೆಳಿಗ್ಗೆ ಓರಿನ್ ನ್ಯಾಯಾಧೀಶನ ಹಾಗೆ ಸೌದೆ ರಾಶಿಯ ಪಕ್ಕ ನಿಂತ. ನಾನು ಮೆಟ್ಟಿಲ ಮೇಲೆ ಗುರಿ ಹಿಡಿದೆ. ‘ಕರ್ತನೇ’ ಎಂದೆ. ಬಂದೂಕಿನ ಕುದುರೆ ಒತ್ತಿದೆ.

ಟಿಕ್.

ಸತ್ತ ಜೀರುಂಡೆಯ ಸದ್ದು. ಸನ್ನೆ ಎಳೆಯಲು ನೋಡಿದೆ, ಅರ್ಧಕ್ಕೆ ನಿಂತಿತು. ಇನ್ನೂ ಎಳೆದೆ. ನಾಯಿಗಳು ನಾಲ್ಕೂ ಬಂದು ಸಾಲಾಗಿ ಕುಳಿತು ನೋಡತೊಡಗಿದವು.

ಓರಿನ್ ಮೆಲ್ಲಗೆ ಬಂದು ಬಂದೂಕನ್ನು ನನ್ನ ಕೈಯಿಂದ ತೆಗೆದುಕೊಂಡ. ತಿರುಗಿಸಿ ನೋಡಿದ. ಮೂಸಿದ. ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಗುಲಾಬಿ ಬಣ್ಣದ ನೂಲೊಂದನ್ನು ಎಳೆದು ತೆಗೆದ.

“ಅರ್ಡಿಸ್, ಈ ಬಂದೂಕಿಂದ ಬ್ರೆಡ್ ವಾಸನೆ ಬರ್ತಿದೆ.”

ನಾನು ಕೈಗವಸು ಸರಿಮಾಡಿಕೊಂಡೆ.

“ಒಳಗೆ ತಂದ್ಯಾ?”

“ಸ್ವಲ್ಪ ಹೊತ್ತು.”

“ಎಷ್ಟು ಸ್ವಲ್ಪ?”

“ಒಂದು ಕೀರ್ತನೆ ಓದೋವಷ್ಟು. ಉದ್ದದ್ದು.”

“ಎರಡು ಚಳಿಗಾಲದಿಂದ ನಂಬಿಕೆಯ ಬಂದೂಕು ಹುಡುಕ್ತಾ ಇದ್ದೀನಿ ನಾನು!” ಅವನು ಆಕಾಶಕ್ಕೆ ಹೇಳಿದ. “ಬಂದೂಕು ಎಲ್ಲಾ ಸರಿಯಾಗೇ ಇದ್ವಲ್ಲಪ್ಪಾ! ಕರಡಿ ಬಂದ್ರೆ ಏನ್ಮಾಡ್ತೀಯ? ಅದನ್ನೂ ಒಳಗೆ ಕರೆದು ಒಲೆ ಪಕ್ಕ ಕೂರಿಸ್ತೀಯಾ?”

ಬೇರೆ ದಿನವಾಗಿದ್ದರೆ ನನಗೂ ನಗು ಬರುತ್ತಿತ್ತು. ಅಳು ಬಂತು. ಆ ಚಳಿಯಲ್ಲಿ ಅತ್ತರೆ ರೆಪ್ಪೆಗಳು ಅಂಟಿಕೊಳ್ಳುತ್ತವೆ; ಹಾಗಾಗಿ ಕಣ್ಣು ಮುಚ್ಚಿಕೊಂಡೇ ಕೂಗಿದೆ: “ನೀನು ಸಾಯ್ತೀಯ ಓರಿನ್! ಈ ಬಂದೂಕು ಬಂದೂಕು ಅಂತ ಸತ್ತೇ ಹೋಗ್ತೀಯ! ಹೆದರಿಕೆ ಅಂತ ಒಪ್ಪಿಕೊಳ್ಳೋಕೇನು ರೋಗ?”

ಕಷ್ಟಪಟ್ಟು ಒಂದು ಕಣ್ಣು ಬಿಡಿಸಿ ನೋಡಿದೆ. ಅವನು ಸೌದೆಯ ಮೇಲೆ ಕುಳಿತಿದ್ದ. ಉಸಿರು ಚಿಕ್ಕಚಿಕ್ಕದಾಗಿ, ಬಿಳಿಯಾಗಿ ಹೊರಬರುತ್ತಿತ್ತು.

“ಹೆದರಿಕೆಯೇ,” ಎಂದ. “ಮೊದಲನೇ ಕಾಗದ ಬಂದ ದಿನ ನಿನ್ನ ಕೇಳಿದ್ದೆ, ನೆನಪಿದ್ಯಾ? ಜೊತೆಗೆ ಬರ್ತೀಯಾ ಅಂತ.”

“ಯಾವಾಗ ಕೇಳ್ದೆ?”

“ಕೇಳಿದ್ದೆ. ನೀನು ಆಲೂಗಡ್ಡೆ ಅಂದೆ.”

ಅಂದಿದ್ದೆ. ಒಲೆ ಆರಿದರೆ ನೆಲಮಾಳಿಗೆಯ ಆಲೂಗಡ್ಡೆ ಹೆಪ್ಪುಗಟ್ಟುತ್ತವೆ ಎಂದಿದ್ದೆ. ನಾಯಿಗಳಿಗೆ ಯಾರು ಹಾಕುತ್ತಾರೆ ಎಂದಿದ್ದೆ. ಅತ್ತೆಯ ಕಾಲದಿಂದ ಜೀವ ಹಿಡಿದುಕೊಂಡು ಬಂದಿರುವ, ಬ್ರೆಡ್ ಉಬ್ಬಿಸುವ ಹುಳಿಹಿಟ್ಟಿನ ಗಡಿಗೆ ಸತ್ತುಹೋಗುತ್ತದೆ ಎಂದಿದ್ದೆ. (ಹತ್ತೊಂಬತ್ತು ವರ್ಷದ ಹಿಂದೆ ಆ ಪುಟ್ಟ ವಿಮಾನ ಗಾಳಿಯಲ್ಲಿ ಬಕೆಟ್ಟಿನಂತೆ ಕೆಳಗೆ ಬಿದ್ದು ಮತ್ತೆ ಮೇಲೆದ್ದದ್ದನ್ನು, ಅಂದಿನಿಂದ ನಾನು ವಿಮಾನ ಹತ್ತಿಲ್ಲ ಎನ್ನುವುದನ್ನು ಹೇಳಿರಲಿಲ್ಲ.)

“ನೀನು ಬರಲ್ಲ ಅಂತ ಆಯ್ತು. ಆಮೇಲೆ ನಿನ್ನ ಕೈಗೆ ಏನಾದ್ರೂ ಕೊಟ್ಟು ಹೋಗ್ಬೇಕಲ್ಲ, ಅದಕ್ಕೆ ಬಂದೂಕು ಹುಡುಕಿದೆ,” ಎಂದ ಓರಿನ್. “ಯಾವುದು ನೋಡಿದ್ರೂ ಸಾಕು ಅನ್ನಿಸಲಿಲ್ಲ.”

ಎರಡು ಚಳಿಗಾಲ ಬಂದೂಕಿನ ನಳಿಗೆ, ತೋಟೆ, ಒದೆತ ಎಲ್ಲವನ್ನೂ ಕೇಳಿಸಿಕೊಂಡವಳು ನಾನು. ಕೇಳಿಸಿಕೊಳ್ಳಬೇಕಾಗಿದ್ದ ಒಂದೇ ಒಂದು ಮಾತು ಆಲೂಗಡ್ಡೆಯ ಚೀಲಗಳ ಹಿಂದೆ ಬಿದ್ದುಹೋಗಿತ್ತು. ಪಾದ್ರಿಗಳು ಈ ನದಿಯ ಉದ್ದಕ್ಕೂ ನನ್ನನ್ನು ಹೊಗಳುತ್ತ ಹೋಗಿದ್ದಾರೆ, ಈಗ ಅವರಿಗೆ ಹೇಗೆ ತಿಳಿಸುವುದು?

“ಲುಸೀಲ್ ಬಂದು ಒಲೆ, ನಾಯಿ ನೋಡ್ಕೋತಾಳೆ,” ಎಂದೆ. “ಹಿಟ್ಟಿನ ಗಡಿಗೇನೂ ಅವಳಿಗೇ ಕೊಡ್ತೀನಿ.”

ಗುರುವಾರ ಅಂಚೆ ವಿಮಾನ ನದಿಯ ಮಂಜುಗಡ್ಡೆಯ ಮೇಲೆ ಬಂದು ಇಳಿಯಿತು. ಹಾರಿಸುವವಳು ನೋರೀನ್, ದೊಡ್ಡ ಗಂಟಲಿನ ಹೆಂಗಸು. ಹತ್ತುವ ಮೊದಲು ಅವಳು ಎಲ್ಲರ ತೂಕ ಬರೆದುಕೊಳ್ಳಬೇಕು. ನದಿಯ ದಡದಲ್ಲಿ ಅರ್ಧ ಹಳ್ಳಿ ಅಂಚೆಗಾಗಿ ನಿಂತಿತ್ತು.

“ಅರ್ಡಿಸ್! ನಿಮ್ಮ ತೂಕ ಎಷ್ಟು?”

“ನೂರಾ ನಲವತ್ತೆಂಟು ಪೌಂಡ್,” ಎಂದು ಮೆಲ್ಲಗೆ ಹೇಳಿದೆ.

ಅವಳು ಬರೆದುಕೊಂಡಳು. ನಾನು ಒಳಗೆ ಅಂಚೆಚೀಲಗಳ ನಡುವೆ ಕುಳಿತೆ. ಬಾಗಿಲು ಮುಚ್ಚಿತು, ಯಂತ್ರ ಗುಡುಗಿತು. ಆಗ ನನ್ನ ಅಂತಃಸಾಕ್ಷಿಯೂ ಗುಡುಗಿತು. ಸುಳ್ಳಿನ ಭಾರ ಹೊತ್ತು ಮೇಲೇರುತ್ತಿದ್ದೇನೆ. ಬಿದ್ದರೆ ಮೂರು ಜೀವ ನನ್ನ ಲೆಕ್ಕಕ್ಕೆ!

“ನೋರೀನ್! ನಿಲ್ಸು! ನೂರಾ ಅರವತ್ತು!”

“ಏನು?”

“ನೂರಾ ಅರವತ್ತು!” ಕಿಟಕಿ ಸರಿಯಾಗಿ ಮುಚ್ಚಿರಲಿಲ್ಲ ಎಂಬುದು ದಡದ ಮೇಲಿನ ನಗುವಿನಿಂದ ತಿಳಿಯಿತು.

ನೋರೀನ್ ತಲೆ ಅಲ್ಲಾಡಿಸಿದಳು. “ನಿಮ್ಮ ವಯಸ್ಸಿನೋರು ಹೇಳಿದ್ದಕ್ಕೆ ನಾನು ಮೊದಲೇ ಹದಿನೈದು ಸೇರಿಸಿರ್ತೀನಿ. ಈಗ ಮೂರು ಕಳೀಬೇಕು.”

ಮೇಲೇರಿದೆವು. ಕಾಲ ಕೆಳಗೆ ನದಿ ಬಿಳಿ ಪಟ್ಟಿಯಾಯಿತು, ಆಮೇಲೆ ದಾರವಾಯಿತು. ನಾನು ಹಲ್ಲು ಕಚ್ಚಿ ಓರಿನ್‌ನ ಮಾತಿಗಾಗಿ ಕಾದೆ. ನೋರೀನ್ ಸೀಟಿನ ಹಿಂದೆಯೇ ಆಪತ್ತಿನ ಚೀಲ, ಅದರ ಪಕ್ಕದಲ್ಲಿ ಒಂದು ಬಂದೂಕು, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಯಾವ ಮಾದರಿ ಎಂದು ಅವನು ಕೇಳಲಿಲ್ಲ. ತಿರುಗಿಯೂ ನೋಡಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಬೂದಿ ಬಣ್ಣದ ಮುಖ ಮಾಡಿಕೊಂಡು ಕುಳಿತಿದ್ದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೂವತ್ತೊಂದು ವರ್ಷದಲ್ಲಿ ಎಂದೂ ಕಾಣದ ಮೌನ.

ತಡೆಯಲಾರದೆ ಅವನ ಕಿವಿಗೆ ಕೂಗಿದೆ: “ಓರಿನ್, ನಿಜ ಹೇಳು. ಕೊನೆಗೂ ಯಾವುದು ಒಳ್ಳೇದು? ಸಣ್ಣದಾ, ದೊಡ್ಡದಾ?”

ಅವನು ಬಹಳ ಹೊತ್ತು ಕಿಟಕಿಯ ಆಚೆ ನೋಡಿದ. “ಯಾವುದಾದ್ರೂ ಆಗ್ತಿತ್ತು, ಅರ್ಡಿಸ್.”

ಆಗ ಮಾತ್ರ ನನಗೆ ನಿಜವಾದ ಭಯ ಹುಟ್ಟಿತು. ವಿಮಾನದ ಭಯ ಅದರ ಮುಂದೆ ಏನೂ ಅಲ್ಲ. ಅವನ ತೋಳು ಹಿಡಿದು, ಬಾಯಿಪಾಠವಾಗಿ ಹೋಗಿದ್ದ ಆ ಪುರಾಣವನ್ನು ನಾನೇ ಆರಂಭದಿಂದ ಒದರತೊಡಗಿದೆ. ಸಣ್ಣದು ಹಗುರ, ಸದ್ದು ಕಡಿಮೆ. ದೊಡ್ಡದಕ್ಕೆ ಒದೆತ. ಅವನು ಕೇಳುತ್ತಿದ್ದನೋ ಇಲ್ಲವೋ. ಬೇಕೆಂದೇ ಒಂದು ತಪ್ಪು ಹೇಳಿದೆ: ಸಣ್ಣದರಲ್ಲಿ ಹೊಡೆದರೆ ಮೂಸ್ ತಕ್ಷಣ ಬೀಳುತ್ತದೆ. ಅವನು ಸುಮ್ಮನಿದ್ದ. ಇನ್ನೊಂದು ತಪ್ಪು ಹೇಳಿದೆ: ಮಡಚುವ ಬಂದೂಕಿಗೆ ದೊಡ್ಡದರ ತೋಟೆ ಹಾಕಬಹುದು. ರೆಪ್ಪೆಯೊಂದು ಅಲುಗಿತು. ಧೈರ್ಯ ಮಾಡಿ ಮಹಾಪರಾಧವನ್ನೇ ಎಸಗಿದೆ.

“ಬಂದೂಕಿಗೆ ಚಳಿಗಾಲದಲ್ಲಿ ಎಷ್ಟು ಎಣ್ಣೆ ಹಾಕಿದ್ರೆ ಅಷ್ಟು ಒಳ್ಳೇದು.”

ಓರಿನ್ ನಿಟ್ಟುಸಿರು ಬಿಟ್ಟ. ಟೋಪಿಯನ್ನು ತೊಡೆಯ ಮೇಲಿಟ್ಟ. “ಹಂಗಲ್ಲ ಕಣೇ,” ಎಂದು ನನ್ನ ಕಡೆ ಪೂರ್ತಿ ತಿರುಗಿ ಕುಳಿತ. “ಮೊದಲಿಂದ ಹೇಳ್ತೀನಿ, ಗಮನ ಕೊಟ್ಟು ಕೇಳು.”

ಆಂಕರೇಜ್ ಇನ್ನೂ ಒಂದು ಗಂಟೆ ಹತ್ತು ನಿಮಿಷ ದೂರವಿತ್ತು. ನೋರೀನ್‌ಗೂ ಈ ವಿಷಯದಲ್ಲಿ ಬಲವಾದ ಅಭಿಪ್ರಾಯಗಳಿವೆ ಎಂದು ಐದನೆಯ ನಿಮಿಷದಲ್ಲಿ ತಿಳಿಯಿತು.